ಜೋಯಲ್‌ನಿಂದಾಗಿ ಮಾತು ಬಿಟ್ಟವರು

ಪ್ರಶ್ನೆ: ನನಗೆ 26 ವರ್ಷ. ಊರು ಹೊನ್ನಾವರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದ ಗೆಳೆಯ ಮತ್ತು ನಾನು ನಾಲ್ಕು ವರ್ಷದಿಂದ ಒಂದೇ ರೂಮಿನಲ್ಲಿದ್ದೇವೆ. ಇಬ್ಬರಿಗೂ ವಿಡಿಯೊ ಗೇಮ್ ಅಂದರೆ ಪ್ರಾಣ. ಆಡುವುದಕ್ಕಿಂತ ಆಡಿದ ಮೇಲೆ ಅದರ ಕತೆ, ಪಾತ್ರ, ಪಂಗಡಗಳ ಬಗ್ಗೆ ವಾದ ಮಾಡುವುದೇ ನಮಗೆ ಹೆಚ್ಚು ಇಷ್ಟ. ‘ಸ್ಕೈರಿಮ್’ನಲ್ಲಿ ಬಂಡುಕೋರ ಸ್ಟಾರ್ಮ್‌ಕ್ಲೋಕ್‌ಗಳ ಪರ ಅವನು, ಸಾಮ್ರಾಜ್ಯದ ಪರ ನಾನು. ಎಷ್ಟೋ ರಾತ್ರಿ ಹೀಗೇ ಬೆಳಗಾಗಿದೆ. ಮೂರು ತಿಂಗಳ ಹಿಂದೆ ‘ದಿ ಲಾಸ್ಟ್ ಆಫ್ ಅಸ್’ನ ಎರಡೂ ಭಾಗ ಮುಗಿಸಿದೆವು. ಜೋಯಲ್ ಮಾಡಿದ್ದು ಸರಿ ಅಂತ ನಾನು. ಒಬ್ಬಳಿಗೋಸ್ಕರ ಎಲ್ಲರ ಔಷಧಿ ಹಾಳು ಮಾಡಿದ, ಸ್ವಾರ್ಥಿ ಅಂತ ಅವನು. ಒಂದು ರಾತ್ರಿ ನನಗೆ ಸಿಟ್ಟು ತಲೆಗೇರಿ, ‘ನಿನ್ನ ಕೈಲಿ ಬಿಟ್ಟಿದ್ರೆ ಅವಳನ್ನ ಬಿಟ್ಟುಕೊಟ್ಟು ಆರಾಮಾಗಿ ಮನೆಗೆ ಬರ್ತಿದ್ದೆ’ ಅಂದೆ. ಅವನು ಮಾತಾಡದೆ ಎದ್ದು ಹೋದ. ಅವತ್ತಿನಿಂದ ಮಾತಿಲ್ಲ. ಒಂದೇ ರೂಮಿನಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡುತ್ತೇವೆ. ಹೋದ ವರ್ಷ ಅವನ ಅಪ್ಪ ಹನ್ನೆರಡು ದಿನ ಐಸಿಯುನಲ್ಲಿದ್ದಾಗ ನಾನು ರಜೆ ಹಾಕಿ ಜೊತೆಗಿದ್ದೆ. ಇನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಅವನು ಸಹಿ ಹಾಕುವಾಗಲೂ ಪಕ್ಕದಲ್ಲಿದ್ದವನು ನಾನೇ. ಅಂಥವನು ಒಂದು ಗೇಮಿಗೋಸ್ಕರ ಹೀಗೆ ಮಾಡಬಹುದೇ? ಅವನ ಆಯಿ ಫೋನ್ ಮಾಡಿದಾಗ ‘ಇಬ್ರೂ ಊಟ ಮಾಡಿದ್ರಾ ತಮಾ’ ಅಂತಾರೆ. ಹೂಂ ಅಂತ ಸುಳ್ಳು ಹೇಳುತ್ತೇನೆ. ನಾನು ಗೇಮ್ ಆಡುವುದನ್ನೇ ಬಿಡಬೇಕೇ? ಮತ್ತೆ, ಜೋಯಲ್ ಮಾಡಿದ್ದು ಸರಿಯೋ ತಪ್ಪೋ, ನೀವೇ ಹೇಳಿ.

ಉತ್ತರ: ನಿಮ್ಮ ಪತ್ರ ಬಂದ ಮೇಲೆ ನಾನು ಅಣ್ಣನ ಮಗನ ಮನೆಗೆ ಹೋದೆ. ಎರಡು ಶನಿವಾರ, ಎರಡು ಭಾನುವಾರ ಅವನ ಪಕ್ಕ ಕೂತು ಆ ಆಟವನ್ನು ನೋಡಿದೆ. ಮೊದಲ ಭಾಗದ ಕೊನೆಯ ಆಸ್ಪತ್ರೆಯ ಘಟ್ಟ ಬಂದಾಗ ಕಂಟ್ರೋಲರ್ ಇಸಿದುಕೊಂಡು ನಾನೇ ಆಡಿದೆ. ಆದ್ದರಿಂದ ‘ಒಂದು ಗೇಮಿಗೋಸ್ಕರ’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಹೆತ್ತವರಿಗೆ, ಮಕ್ಕಳಿಗೆ ಸಂಬಂಧಪಟ್ಟ ಇಷ್ಟು ಕಠಿಣವಾದ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಇಬ್ಬರು ಗೆಳೆಯರು ರಾತ್ರಿಯೆಲ್ಲ ವಾದ ಮಾಡಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಟ ಬಿಡಬೇಡಿ. ವಾದವನ್ನೂ ಬಿಡಬೇಡಿ.

ಈ ಆಟ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಮೊದಲ ಭಾಗ ಬಂದದ್ದು 2013ರಲ್ಲಿ, ಎರಡನೆಯದು 2020ರಲ್ಲಿ. ಮಿದುಳಿಗೆ ಹತ್ತುವ ಒಂದು ಶಿಲೀಂಧ್ರದಿಂದ ಲೋಕವೇ ಹಾಳಾಗಿದೆ. ಸೋಂಕು ಹಬ್ಬಿದ ಮೊದಲ ರಾತ್ರಿಯೇ ಮಗಳನ್ನು ಕಳೆದುಕೊಂಡವನು ಜೋಯಲ್. ಇಪ್ಪತ್ತು ವರ್ಷದ ನಂತರ ಹದಿನಾಲ್ಕರ ಎಲ್ಲೀ ಎಂಬ ಹುಡುಗಿಯನ್ನು ‘ಫೈರ್‌ಫ್ಲೈಸ್’ ಎಂಬ ಬಂಡಾಯದ ಗುಂಪಿಗೆ ಮುಟ್ಟಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಅವಳಿಗೆ ಆ ರೋಗ ತಗುಲುವುದಿಲ್ಲ, ಅವಳಿಂದ ಔಷಧಿ ಮಾಡಬಹುದು ಎಂಬ ಆಸೆ ಆ ಗುಂಪಿನದು. ಬಾಸ್ಟನ್‌ನಿಂದ ಸಾಲ್ಟ್ ಲೇಕ್ ಸಿಟಿಯ ತನಕ ಬರುವಷ್ಟರಲ್ಲಿ ಆ ಹುಡುಗಿ ಅವನಿಗೆ ಮಗಳೇ ಆಗಿರುತ್ತಾಳೆ. ಅಲ್ಲಿ ಗೊತ್ತಾಗುವುದೇನೆಂದರೆ, ಔಷಧಿ ಬೇಕಾದರೆ ಅವಳ ಮಿದುಳಿಗೇ ಕತ್ತರಿ ಹಾಕಬೇಕು, ಅವಳು ಉಳಿಯುವುದಿಲ್ಲ. ಪ್ರಜ್ಞೆ ಇಲ್ಲದೆ ಮಲಗಿರುವ ಅವಳನ್ನು ಯಾರೂ ಕೇಳಿಲ್ಲ. ಜೋಯಲ್ ಆಸ್ಪತ್ರೆಯಲ್ಲಿ ಅಡ್ಡ ಬಂದವರನ್ನು ಕೊಂದು, ಅವಳನ್ನು ಎತ್ತಿಕೊಂಡು ಬರುತ್ತಾನೆ. ಆಮೇಲೆ ಅವಳಿಗೆ ಸುಳ್ಳು ಹೇಳುತ್ತಾನೆ: ನಿನ್ನಂಥವರು ಇನ್ನೂ ಎಷ್ಟೋ ಜನ ಇದ್ದಾರೆ, ಔಷಧಿ ಹುಡುಕುವುದನ್ನೇ ಅವರು ನಿಲ್ಲಿಸಿದ್ದಾರೆ ಎಂದು.

ನಾನು ಕಂಟ್ರೋಲರ್ ಹಿಡಿದು ಆಪರೇಷನ್ ಥಿಯೇಟರಿನ ಒಳಗೆ ಹೋದಾಗ ಮೂವರಿದ್ದರು. ಸರ್ಜನ್ ಸ್ಕಾಲ್ಪೆಲ್ ಹಿಡಿದು ಎಲ್ಲೀಗೆ ಅಡ್ಡ ನಿಂತ. ಉಳಿದಿಬ್ಬರನ್ನು ಕೊಲ್ಲದೆ ಬಿಡಬಹುದು. ಸರ್ಜನ್‌ನನ್ನು ಬಿಟ್ಟು ಮುಂದೆ ಹೋಗುವ ದಾರಿಯನ್ನು ಮಾತ್ರ ಆಟ ಇಟ್ಟಿಲ್ಲ. ನಾನು ಸುಮ್ಮನೆ ನಿಂತೆ. ಅಣ್ಣನ ಮಗ, ‘ಅತ್ತೆ, ಎಷ್ಟೊತ್ತು ನಿಂತರೂ ಅಷ್ಟೆ, ಬಟನ್ ಒತ್ತಬೇಕು’ ಅಂದ. ಒತ್ತಿದೆ. ನನ್ನ ಬೆರಳು ಮಾಡಿದ ಕೆಲಸ ಅದು ಎಂಬ ಭಾವನೆ ಎರಡು ದಿನ ಹೋಗಲಿಲ್ಲ. ಪುಸ್ತಕ ಓದಿದವರ ವಾದಕ್ಕಿಂತ ಆಟ ಆಡಿದವರ ವಾದಕ್ಕೆ ಕಾವು ಯಾಕೆ ಹೆಚ್ಚು ಎಂದು ಆಗ ಅರ್ಥವಾಯಿತು. ಜೋಯಲ್ ಸರಿ ಎನ್ನುವಾಗ ನಾವು ನಮ್ಮ ಬೆರಳಿನ ಪರವಾಗಿಯೂ ಮಾತಾಡುತ್ತಿರುತ್ತೇವೆ.

ನೀವು ಹೊನ್ನಾವರದ ಕಡೆಯವರು, ತಾಳಮದ್ದಳೆ ನೋಡದೆ ಬೆಳೆದಿರಲಾರಿರಿ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟವರು ಎದುರುಬದುರು ಕೂತು, ಭಾಗವತರು ಪದ್ಯ ಹೇಳಿದ ಮೇಲೆ ವಾಲಿಯಾಗಿ, ರಾಮನಾಗಿ ವಾದಕ್ಕೆ ಇಳಿಯುತ್ತಾರೆ. ವಾಲಿ ಸಾಯಲೇಬೇಕು. ಪ್ರಸಂಗ ಅದನ್ನು ಆಗಲೇ ತೀರ್ಮಾನಿಸಿಬಿಟ್ಟಿದೆ. ಅರ್ಥಧಾರಿಗೆ ಕತೆ ಬದಲಾಯಿಸುವ ಅಧಿಕಾರ ಇಲ್ಲ, ಆ ಬಾಣಕ್ಕೆ ಕಾರಣ ಕೇಳುವ ಮತ್ತು ಕಾರಣ ಕೊಡುವ ಅಧಿಕಾರ ಪೂರಾ ಇದೆ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೇಳಿದರೆ, ರಾಮನ ಭಕ್ತರೇ ತುಂಬಿದ ಸಭೆ ಉಸಿರು ಹಿಡಿದು ರಾಮನ ಉತ್ತರಕ್ಕೆ ಕಾಯಬೇಕಾಗುತ್ತಿತ್ತು. ‘ದಿ ಲಾಸ್ಟ್ ಆಫ್ ಅಸ್’ ಕೂಡ ಅಂಥದ್ದೇ ಪ್ರಸಂಗ. ಸರ್ಜನ್ ಸಾಯುತ್ತಾನೆ, ಅದನ್ನು ತಪ್ಪಿಸುವಂತಿಲ್ಲ. ನಮ್ಮ ಪಾಲಿಗೆ ಉಳಿಯುವುದು ಅರ್ಥ ಹೇಳುವುದಷ್ಟೆ.

ಸ್ಕೈರಿಮ್‌ನ ಜಗಳದ ರೀತಿ ಬೇರೆ. ಅಲ್ಲಿ ಪಕ್ಷವನ್ನು ಆರಿಸಿಕೊಳ್ಳುವವರು ನೀವೇ. ನಿಮಗೆ ನೆನಪಿರಬಹುದು, ಇಬ್ಬರಿಗೂ ಶತ್ರುವಾದ ಥಾಲ್ಮೋರ್ ಎಂಬ ಪಂಗಡದ ರಾಯಭಾರ ಕಚೇರಿಯಲ್ಲಿ ಸ್ಟಾರ್ಮ್‌ಕ್ಲೋಕ್‌ಗಳ ನಾಯಕ ಉಲ್ಫ್ರಿಕ್‌ನ ಮೇಲಿನ ಒಂದು ಕಡತ ಸಿಗುತ್ತದೆ. ಸಾಮ್ರಾಜ್ಯದ ಪರದವರು ಅದನ್ನು ಎತ್ತಿ ಹಿಡಿದು, ನೋಡಿ, ಇವನು ಶತ್ರುಗಳ ಕೈಗೊಂಬೆ ಎನ್ನುತ್ತಾರೆ. ಅದೇ ಕಡತದಲ್ಲಿ, ಸ್ಟಾರ್ಮ್‌ಕ್ಲೋಕ್‌ಗಳು ಪೂರ್ತಿ ಗೆಲ್ಲುವುದೂ ತಮಗೆ ಬೇಡ ಎಂಬರ್ಥದ ಮಾತಿದೆ. ಆ ಯುದ್ಧ ಮುಗಿಯದೆ ಎಳೆದಾಡಲಿ ಎಂಬುದು ಥಾಲ್ಮೋರ್‌ನ ಲೆಕ್ಕ. ಅಣ್ಣನ ಮಗ ಇದನ್ನು ತೋರಿಸಿದಾಗ ನನಗೆ ನನ್ನ ಬಳಿ ಬರುವ ಗಂಡ ಹೆಂಡತಿಯರು ನೆನಪಾದರು. ಇಬ್ಬರ ಕೈಯಲ್ಲೂ ಒಂದೇ ಕಾಗದದ ಅರ್ಧರ್ಧ ಇರುತ್ತದೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದರಲ್ಲಿ ಎರಡು ವಾಕ್ಯಗಳು ತೀರ ಹತ್ತಿರ ಹತ್ತಿರ ಇವೆ. ಬರೆಯುವಾಗ ನಿಮಗೆ ಅದು ಕಂಡಿಲ್ಲ ಅನ್ನಿಸುತ್ತದೆ. ‘ಬಿಟ್ಟುಕೊಟ್ಟು ಆರಾಮಾಗಿ ಮನೆಗೆ ಬರ್ತಿದ್ದೆ’ ಎಂದಿರಿ. ಮೂರೇ ಸಾಲು ಕೆಳಗೆ, ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಅವನು ಸಹಿ ಹಾಕಿದ್ದನ್ನು ಬರೆದಿದ್ದೀರಿ. ಇವೆರಡನ್ನೂ ಒಂದಾದ ಮೇಲೊಂದು ಗಟ್ಟಿಯಾಗಿ ಓದಿ ನೋಡಿ.

ಆ ಸಹಿ ಎಂದರೆ ಏನೆಂದು ಪಕ್ಕದಲ್ಲಿ ನಿಂತಿದ್ದ ನಿಮಗೆ ಗೊತ್ತು. ಇಂಥ ಸಹಿ ಹಾಕಿದ ಮಕ್ಕಳು ನನ್ನ ಎದುರಿನ ಕುರ್ಚಿಯಲ್ಲಿ ಎಷ್ಟೋ ಸಲ ಕೂತಿದ್ದಾರೆ. ಡಾಕ್ಟರು ಇನ್ನು ಏನೂ ಉಳಿದಿಲ್ಲ ಅಂದಿರುತ್ತಾರೆ, ಮನೆಯವರೆಲ್ಲ ಒಪ್ಪಿರುತ್ತಾರೆ, ಆದರೂ ಪೆನ್ನು ಹಿಡಿದ ಕೈ ಒಂದೇ. ಇನ್ನೆರಡು ದಿನ ಕಾದಿದ್ದರೆ ಎಂಬ ಪ್ರಶ್ನೆ ವರ್ಷಗಟ್ಟಲೆ ಆ ಕೈಯನ್ನು ಬಿಡುವುದಿಲ್ಲ. ನಿಮ್ಮ ಗೆಳೆಯನನ್ನು ನಾನು ನೋಡಿಲ್ಲ. ಅವರ ಮನಸ್ಸಿನಲ್ಲಿ ಇದೇ ಇದೆ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಜೋಯಲ್‌ನನ್ನು ಸ್ವಾರ್ಥಿ ಎಂದು ಅವರು ಅಷ್ಟು ಗಟ್ಟಿಯಾಗಿ ಹೇಳಲು ಕಾರಣ ಏನಿರಬಹುದು ಎಂದು ಒಮ್ಮೆ ಯೋಚಿಸಿ. ಏನೇ ಆದರೂ ಬಿಟ್ಟುಕೊಡದವನೇ ನಿಜವಾದ ಅಪ್ಪ, ನಿಜವಾದ ಮಗ ಎಂದಾದರೆ, ಸಹಿ ಹಾಕಿದವನು ಏನಾದ? ನೀವು ಜೋಯಲ್ ಪರವಾಗಿ ಒಂದೊಂದು ಒಳ್ಳೆಯ ಕಾರಣ ಕೊಟ್ಟಾಗಲೂ ಅದು ಎಲ್ಲಿ ಹೋಗಿ ನಾಟುತ್ತಿತ್ತೋ.

ಎರಡನೇ ಭಾಗದಲ್ಲಿ ಒಂದು ಹಿನ್ನೋಟದ ದೃಶ್ಯವಿದೆ. ಅದೇ ಆಸ್ಪತ್ರೆ. ಫೈರ್‌ಫ್ಲೈಸ್‌ನ ನಾಯಕಿ ಮಾರ್ಲೀನ್ ಆ ಸರ್ಜನ್‌ನನ್ನು, ಅಲ್ಲಿ ಮಲಗಿರುವುದು ನಿನ್ನ ಮಗಳು ಆ್ಯಬಿಯೇ ಆಗಿದ್ದರೆ ಎಂದು ಕೇಳುತ್ತಾಳೆ. ಅವನ ಬಾಯಿಂದ ಮಾತು ಹೊರಡುವುದಿಲ್ಲ. ಆಟದ ಎಲ್ಲ ಗುಂಡಿನ ಸದ್ದಿಗಿಂತ ನನಗೆ ಆ ಮೌನ ದೊಡ್ಡದಾಗಿ ಕೇಳಿಸಿತು. ನೀವು ಅವತ್ತು ರಾತ್ರಿ ಗೆಳೆಯನಿಗೆ ಎಸೆದದ್ದು ಆ ಮಾರ್ಲೀನ್‌ಳ ಪ್ರಶ್ನೆಯನ್ನೇ. ಸರ್ಜನ್‌ಗೆ ಅದು ಬರೀ ಊಹೆಯ ಮಾತಾಗಿತ್ತು. ನಿಮ್ಮ ಗೆಳೆಯ ಅಂಥ ಬಾಗಿಲ ಹತ್ತಿರ ಹೋಗಿ ಬಂದವರು.

ನೀವು ಬೇಕೆಂದೇ ಹಾಗೆ ಹೇಳಿಲ್ಲ, ನನಗೆ ಗೊತ್ತು. ವಾದದ ಬಿಸಿಯಲ್ಲಿ ಪಾತ್ರಕ್ಕೆ ಹೊಡೆಯಲು ಎತ್ತಿದ ಕೈ ಎದುರು ಕೂತವನಿಗೆ ತಾಗುತ್ತದೆ. ಈ ಆಟದ ವಿಷಯದಲ್ಲೇ ಅದು ತೀರ ಕೆಟ್ಟ ರೂಪದಲ್ಲಿ ನಡೆದಿದೆ. ಎರಡನೇ ಭಾಗದಲ್ಲಿ ತನ್ನ ತಂದೆಯನ್ನು ಕೊಂದ ಜೋಯಲ್‌ನನ್ನು ಆ್ಯಬಿ ಹೊಡೆದು ಸಾಯಿಸುತ್ತಾಳೆ. ಆಟ ಬಂದ ಕೆಲವೇ ದಿನಗಳಲ್ಲಿ, ಆ್ಯಬಿಗೆ ದನಿ ಕೊಟ್ಟ ನಟಿ ಲಾರಾ ಬೇಲಿ ತಮಗೆ ಬರುತ್ತಿದ್ದ ಕೊಲೆ ಬೆದರಿಕೆಗಳನ್ನು ಜನರ ಮುಂದಿಡಬೇಕಾಯಿತು. ಇಲ್ಲದ ಪಾತ್ರದ ಮೇಲಿನ ಸಿಟ್ಟು, ಇರುವ ಹೆಣ್ಣುಮಗಳ ಮೇಲೆ. ಅದೂ ಎಂಥ ಆಟದ ಹೆಸರಿನಲ್ಲಿ! ಹೆಚ್ಚುಕಡಿಮೆ ಅರ್ಧ ಆಟವನ್ನು ಆ್ಯಬಿಯಾಗಿಯೇ ಆಡಿಸಿ, ಸಿಯಾಟಲ್‌ನ ಅವೇ ಮೂರು ದಿನಗಳನ್ನು ಅವಳ ಕಡೆಯಿಂದ ಮತ್ತೆ ತೋರಿಸುವ ಆಟ ಅದು. ಎಲ್ಲೀಯಾಗಿ ನೀವು ಕೊಂದ ನಾಯಿ ಆ್ಯಬಿಯ ಭಾಗದಲ್ಲಿ ಆಲಿಸ್ ಎಂಬ ಹೆಸರು ಹೊತ್ತು ನಿಮ್ಮ ಪಕ್ಕದಲ್ಲೇ ನಡೆಯುತ್ತದೆ. ನನಗೆ ಅಲ್ಲಿ ಕಣ್ಣು ತುಂಬಿತು.

ಏನು ಮಾಡಬೇಕು ಎಂದು ಕೇಳಿದ್ದೀರಿ. ಮೊದಲು, ಅವರು ರೂಮಿನಲ್ಲಿರುವ ಹೊತ್ತು ನೋಡಿ ಎರಡು ತಟ್ಟೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದ ಬರೆಯಬೇಡಿ. ಜೋಯಲ್ ಹೆಸರು ಎತ್ತಬೇಡಿ, ‘ಗೇಮ್ ಬಗ್ಗೆ ಹೇಳಿದ್ದು ಕಣೋ’ ಎಂಬ ಸಮಜಾಯಿಷಿಯೂ ಬೇಡ. ‘ಅವತ್ತು ಬಿಟ್ಟುಕೊಟ್ಟು ಮನೆಗೆ ಬರ್ತಿದ್ದೆ ಅಂದೆನಲ್ಲ, ಮಾವ ನೆನಪಾಗಿರ್ತಾರೆ ನಿಂಗೆ, ನಂಗೆ ಹೊಳೀಲಿಲ್ಲ, ತಪ್ಪಾಯ್ತು ಮಾರಾಯ’ ಎಂದು ಅಷ್ಟನ್ನೇ ಹೇಳಿ. ಅವರ ಅಪ್ಪನನ್ನು ಮಾವ ಅನ್ನುತ್ತಿದ್ದಿರೋ ಬೇರೆ ಏನೋ, ಕರೆಯುತ್ತಿದ್ದ ಹೆಸರಿನಲ್ಲೇ ಕರೆಯಿರಿ. ಆಮೇಲೆ ಸುಮ್ಮನೆ ಇರಿ. ಅವರು ಅದಲ್ಲ ಕಾರಣ ಎಂದರೆ, ಕಾರಣ ಕೇಳಿ. ಎದ್ದು ಹೋದರೆ, ಹೋಗಲಿ, ಮಾರನೇ ದಿನವೂ ಎರಡು ತಟ್ಟೆ ಇಡಿ. ಆ ಹನ್ನೆರಡು ದಿನದ ಬಗ್ಗೆ ಅವರು ಮಾತಾಡಲು ಶುರು ಮಾಡಿದರೆ, ನೀನು ಮಾಡಿದ್ದೇ ಸರಿ ಎಂದು ತಕ್ಷಣ ತೀರ್ಪು ಕೊಡಬೇಡಿ. ನೀವು ಅಲ್ಲಿ ಕಂಡದ್ದನ್ನು ಹೇಳಿ. ಡಾಕ್ಟರು ಏನೆಂದರು, ಅಪ್ಪನ ಮುಖ ಹೇಗಿತ್ತು, ಅವರ ಕೈ ಎಷ್ಟು ನಡುಗುತ್ತಿತ್ತು. ಅದನ್ನು ಕಂಡ ಮತ್ತೊಬ್ಬ ಸಾಕ್ಷಿ ಅವರಿಗೆ ನೀವೊಬ್ಬರೇ. ರಾತ್ರಿ ನಿದ್ದೆಯೇ ಇಲ್ಲ, ಕೆಲಸಕ್ಕೂ ಹೋಗುತ್ತಿಲ್ಲ ಎಂಬಂತಿದ್ದರೆ ಮಾತ್ರ ತಡಮಾಡದೆ ಆಪ್ತಸಲಹೆಗೆ ಕರೆದುಕೊಂಡು ಹೋಗಿ. ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ವಾದಕ್ಕೆ ಮರಳುವುದು ಎಷ್ಟೋ ದಿನದ ನಂತರದ ಮಾತು. ಆಗ ತಾಳಮದ್ದಳೆಯವರಿಂದ ಎರಡು ವಿಷಯ ಎರವಲು ತನ್ನಿ. ಇವತ್ತು ವಾಲಿ ಹೇಳಿದವರು ಇನ್ನೊಂದು ಕೂಟದಲ್ಲಿ ರಾಮ ಹೇಳುತ್ತಾರೆ. ನೀವು ಒಂದು ರಾತ್ರಿ ಮಾರ್ಲೀನ್ ಪರವಾಗಿ ಕೂರಿ. ಎಲ್ಲೀಯ ತಾಯಿಗೆ, ಮಗಳನ್ನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟವಳು ಅವಳು. ಆ ಮಾತು ಹೊತ್ತುಕೊಂಡೇ ಆಪರೇಷನ್‌ಗೆ ಒಪ್ಪಿದಳು. ಅವಳ ಅರ್ಥ ಹೇಳುವುದು ಸುಲಭವಿಲ್ಲ. ಇನ್ನೊಂದು, ಭಾಗವತರು. ಮಾತು ಹದ ಮೀರುತ್ತಿದೆ ಅನ್ನಿಸಿದರೆ ಅವರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಎಂಥ ವಾಗ್ಮಿಯೂ ಅಲ್ಲಿಗೆ ನಿಲ್ಲಿಸಲೇಬೇಕು. ನಿಮ್ಮ ರೂಮಿನಲ್ಲಿ ಭಾಗವತರಿಲ್ಲ. ಅವರ ಆಯಿಯ ಫೋನ್ ಬಂದರೆ ಅದೇ ಪದ್ಯ ಎಂದುಕೊಳ್ಳಿ. ಬೆಳಗಿನ ಜಾವ ಕೂಟ ಮುಗಿದ ಮೇಲೆ ವಾಲಿ, ರಾಮ ಇಬ್ಬರೂ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅರ್ಧ ಗಂಟೆಯ ಹಿಂದೆ ಇವರೇ ಅಲ್ಲವೇ ಎಂದು ಆಶ್ಚರ್ಯವಾಗುತ್ತಿತ್ತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನುಣುಚಿಕೊಳ್ಳುವುದಿಲ್ಲ. ಮಲಗಿರುವ ಮಗುವನ್ನು ಕೇಳದೆ ಕೊಲ್ಲಲು ಹೊರಟವರ ಕೈಯಿಂದ ಎತ್ತಿ ತಂದ ಜೋಯಲ್‌ನನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಬಹುಶಃ ಕ್ಷಮಿಸಲೂ ಬಲ್ಲೆ. ಆಮೇಲೆ ಅವಳ ಮುಖ ನೋಡಿ ಹೇಳಿದ ಸುಳ್ಳನ್ನು ಕ್ಷಮಿಸಲಾರೆ. ಫೈರ್‌ಫ್ಲೈಸ್ ಅವಳನ್ನು ಕೇಳಲಿಲ್ಲ, ಜೋಯಲ್ ಕೂಡ ಕೇಳಲಿಲ್ಲ. ಎರಡನೇ ಭಾಗದಲ್ಲಿ ಎಲ್ಲೀ ಸಿಟ್ಟಿಗೇಳುವುದು ಅದಕ್ಕೇ: ತಾನು ಸತ್ತಿದ್ದರೂ ತನ್ನ ಬದುಕಿಗೆ ಒಂದು ಅರ್ಥ ಇರುತ್ತಿತ್ತು, ಅದನ್ನು ನೀನು ಕಿತ್ತುಕೊಂಡೆ ಎಂದು. ಇದು ನನ್ನ ಅರ್ಥಗಾರಿಕೆ. ನಿಮ್ಮ ಗೆಳೆಯ ಇದನ್ನು ಒಪ್ಪಲಿಕ್ಕಿಲ್ಲ. ಅವರ ಮಾತು ಏನೆಂದು ಕೇಳಿ, ಅವರ ಮಾತಿನಲ್ಲೇ ನನಗೆ ಬರೆದು ಕಳಿಸಿ.