ಅಕಾಲಜನಿತ ಶಿಶುವಿನ ರಕ್ತಹೀನತೆ ಮತ್ತು ರಕ್ತಪೂರಣ

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅವಧಿಗೆ ಮುನ್ನ ಜನಿಸಿದ, 1 ಕಿಲೋಗ್ರಾಂ ತೂಕದ ಶಿಶುವಿನಲ್ಲಿರುವುದಾದರೋ ಸುಮಾರು 90 ಮಿಲಿಲೀಟರ್ ಮಾತ್ರ. ಇಂತಹ ಶಿಶುವಿನಿಂದ ಪರೀಕ್ಷೆಗೆಂದು 1 ಮಿಲಿಲೀಟರ್ ರಕ್ತ ತೆಗೆಯುವುದು ವಯಸ್ಕನಿಂದ 55 ಮಿಲಿಲೀಟರ್ ತೆಗೆದುದಕ್ಕೆ ಸಮಾನ. ಚಿಕಿತ್ಸೆಗೆ ಅನಿವಾರ್ಯವಾದ ಈ ಪರೀಕ್ಷೆಗಳೇ ಮೊದಲ ವಾರಗಳಲ್ಲಿ ರಕ್ತಹೀನತೆಗೆ ಮುಖ್ಯ ಕಾರಣವಾಗುತ್ತವೆ.

ಉಳಿದ ಕಾರಣಗಳು ಶಿಶುವಿನ ಅಪಕ್ವ ದೇಹದಲ್ಲಿಯೇ ಇವೆ. ತಾಯಿಯಿಂದ ಬರುವ ಕಬ್ಬಿಣದ ಬಹುಭಾಗ ಗರ್ಭಾವಧಿಯ ಕೊನೆಯ ಮೂರು ತಿಂಗಳಲ್ಲಿ ದೊರೆಯುವಂಥದು. ಬೇಗ ಹುಟ್ಟಿದ ಶಿಶುವಿಗೆ ಅದು ತಪ್ಪುತ್ತದೆ. ಕೆಂಪು ಕಣಗಳ ಉತ್ಪತ್ತಿಯನ್ನು ಪ್ರಚೋದಿಸುವ ಎರಿತ್ರೊಪೊಯೆಟಿನ್ ಹಾರ್ಮೋನು ಈ ಹಂತದಲ್ಲಿ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುತ್ತದೆ. ಆಮ್ಲಜನಕದ ಕೊರತೆಗೆ ಯಕೃತ್ತು ಮಂದವಾಗಿ ಸ್ಪಂದಿಸುವುದರಿಂದ ಹಾರ್ಮೋನು ಸಾಲದಾಗುತ್ತದೆ. ವಯಸ್ಕರಲ್ಲಿ ಸುಮಾರು 120 ದಿನ ಬಾಳುವ ಕೆಂಪು ಕಣವು ಇಲ್ಲಿ ಅದರ ಅರ್ಧದಷ್ಟು ಕಾಲವೂ ಬಾಳದು.

ಕೊರತೆಯನ್ನು ಕೂಡಲೆ ತುಂಬುವ ಉಪಾಯವೇ ರಕ್ತಪೂರಣ. ದಾನಿಯ ರಕ್ತದಿಂದ ಬೇರ್ಪಡಿಸಿದ ಕೆಂಪು ಕಣಗಳನ್ನು ಪ್ರತಿ ಕಿಲೋಗ್ರಾಂ ತೂಕಕ್ಕೆ 10ರಿಂದ 20 ಮಿಲಿಲೀಟರಿನಂತೆ, ಕೆಲವು ಗಂಟೆಗಳ ಕಾಲ ನಿಧಾನವಾಗಿ ನೀಡಲಾಗುತ್ತದೆ. ಒಬ್ಬನೇ ದಾನಿಯ ರಕ್ತವನ್ನು ಸಣ್ಣ ಚೀಲಗಳಲ್ಲಿ ಹಂಚಿಟ್ಟು ಅದೇ ಶಿಶುವಿಗೆ ಬಳಸಿದರೆ ಹಲವು ದಾನಿಗಳ ರಕ್ತದ ಸಂಪರ್ಕ ತಪ್ಪುತ್ತದೆ.

ಆದರೆ ಹೀಮೊಗ್ಲೋಬಿನ್ ಎಷ್ಟಕ್ಕೆ ಇಳಿದಾಗ ರಕ್ತ ಕೊಡಬೇಕು? ಕಾದರೆ ಮೆದುಳಿಗೆ ಆಮ್ಲಜನಕ ಸಾಲದೆಂಬ ಭಯ ಒಂದೆಡೆ, ರಕ್ತಪೂರಣದ ಅಪಾಯಗಳು ಇನ್ನೊಂದೆಡೆ. 2005ರಲ್ಲಿ ಅಮೆರಿಕದ ಅಯೋವಾದಿಂದ ಪ್ರಕಟವಾದ 100 ಶಿಶುಗಳ ಅಧ್ಯಯನವು, ಮಿತವಾಗಿ ರಕ್ತ ಪಡೆದವರಲ್ಲಿ ಮೆದುಳಿನ ಹಾನಿ ಹೆಚ್ಚೆಂದು ತೋರಿಸಿ ಆ ಭಯವನ್ನು ಬಲಪಡಿಸಿತು. ಆದರೆ 2020ರಲ್ಲಿ ಪ್ರಕಟವಾದ ಅಮೆರಿಕದ ‘ಟಾಪ್’ ಅಧ್ಯಯನವು 1,000 ಗ್ರಾಂ ಮೀರದ 1,824 ಶಿಶುಗಳನ್ನು ಪರಿಶೀಲಿಸಿತು. ಉಸಿರಾಟದ ನೆರವಿನಲ್ಲಿದ್ದ ಶಿಶುಗಳಿಗೆ ಮೊದಲ ವಾರದಲ್ಲಿ ಒಂದು ಗುಂಪಿನಲ್ಲಿ ಹೀಮೊಗ್ಲೋಬಿನ್ 13 ಗ್ರಾಂಗೆ ಇಳಿದಾಗ, ಮತ್ತೊಂದರಲ್ಲಿ 11ಕ್ಕೆ ಇಳಿದಾಗ ರಕ್ತ ಕೊಡಲಾಯಿತು. ಮುಂದಿನ ವಾರಗಳಲ್ಲಿ ಮಿತಿಗಳು ಇನ್ನೂ ಕೆಳಗಿದ್ದವು. ಎರಡು ವರ್ಷದ ಸುಮಾರಿಗೆ ಸಾವು ಅಥವಾ ಬುದ್ಧಿ-ಚಲನೆಗಳ ಬೆಳವಣಿಗೆಯಲ್ಲಿ ಕುಂದು ಕಂಡುಬಂದ ಪ್ರಮಾಣ, ಮೊದಲ ಗುಂಪಿನಲ್ಲಿ ಶೇಕಡಾ 50.1, ಎರಡನೆಯದರಲ್ಲಿ 49.8. ಅದೇ ವರ್ಷ ಪ್ರಕಟವಾದ, ಬಹುಪಾಲು ಜರ್ಮನಿಯಲ್ಲಿ ನಡೆದ 1,013 ಶಿಶುಗಳ ಅಧ್ಯಯನವೂ ಇದನ್ನೇ ಸಮರ್ಥಿಸಿತು.

ಹೆಚ್ಚು ಕೊಟ್ಟಷ್ಟೂ ಹೆಚ್ಚು ಒಳಿತಲ್ಲವೆಂಬುದೇ ಇದರ ಸಾರ. ಆದರೆ ಪರೀಕ್ಷಿಸಿದ ಮಿತಿಗಿಂತ ಕೆಳಗಿಳಿಯಲು ಇದು ಅನುಮತಿಯಲ್ಲ. ಪರೀಕ್ಷೆಗೆ ತೆಗೆಯುವ ರಕ್ತವನ್ನು ಕಡಿಮೆ ಮಾಡುವುದು, ಹುಟ್ಟಿದಾಗ ಸಾಧ್ಯವಿದ್ದಲ್ಲಿ ಹೊಕ್ಕುಳುಬಳ್ಳಿ ಕಟ್ಟುವುದನ್ನು ಸುಮಾರು 1 ನಿಮಿಷ ತಡೆಯುವುದು ಇವೇ ಮೊದಲ ರಕ್ಷೆ. ದಾನಿಯು ಕೊಟ್ಟ ರಕ್ತವು ಅಮೂಲ್ಯವಾದುದು. ಅದನ್ನು ಅಳೆದು, ಅವಶ್ಯವಿದ್ದಾಗ ಬಳಸುವುದೇ ಆ ದಾನಕ್ಕೆ ಸಲ್ಲುವ ಗೌರವ.