ಅಳೆಯಬಲ್ಲ ಕೈ

ನೆರವಿನ ಕಾರ್ಯಕರ್ತರು ಎಂದೊಡನೆ ಭೂಕಂಪ, ನೆರೆ, ಯುದ್ಧಗಳ ಚಿತ್ರ ನಮ್ಮ ಕಣ್ಣ ಮುಂದೆ ಸುಳಿಯುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ಭೂಕಂಪವು ನೆಲಸಮ ಮಾಡಿತು. ಆದರೆ ಸದ್ದಿಲ್ಲದೆ ಬರುವ ವಿಪತ್ತೂ ಒಂದುಂಟು. ಅದು ಎಳೆಯ ಮಕ್ಕಳ ಅಪೌಷ್ಟಿಕತೆ. ಬೀದರ ನಗರದ ಓಣಿಗಳಲ್ಲಿಯೂ ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಅದನ್ನು ದಿನವೂ ಎದುರಿಸುವವರು ಅಂಗನವಾಡಿ ಕಾರ್ಯಕರ್ತೆಯರು.

ದೇಶದಲ್ಲಿ ಅಂಗನವಾಡಿಗಳ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾಯಿತು. ತಕ್ಕಡಿ, ದಾಖಲೆ ಪುಸ್ತಕ, ಬೆಳವಣಿಗೆಯ ನಕ್ಷೆ ಇವೇ ಬಹುಕಾಲ ಕಾರ್ಯಕರ್ತೆಯ ಸಲಕರಣೆಗಳಾಗಿದ್ದವು. 2021ರಲ್ಲಿ 'ಪೋಷಣ್ ಟ್ರ್ಯಾಕರ್' ಎಂಬ ಮೊಬೈಲ್ ತಂತ್ರಾಂಶವು ಬಂದಿತು. ಮಗುವಿನ ವಯಸ್ಸು, ತೂಕ, ಎತ್ತರಗಳನ್ನು ತುಂಬಿದರೆ ಲೆಕ್ಕವನ್ನು ಫೋನೇ ಮಾಡಿಕೊಡುತ್ತದೆ.

ಆದರೆ ಫೋನು ತನಗೆ ಹೇಳಿದ್ದನ್ನಷ್ಟೇ ಬಲ್ಲದು. ಎರಡೂವರೆ ವರ್ಷದ ಮಗುವನ್ನು ಒಂದೂವರೆ ವರ್ಷದ್ದೆಂದು ಬರೆದರೆ, ಬಡಕಲು ಕೂಸು ಪರದೆಯ ಮೇಲೆ ಪುಷ್ಟವಾಗಿ ಕಾಣುತ್ತದೆ. ಅದಕ್ಕೆ ದೊರೆಯಬೇಕಾದ ಆರೈಕೆ ತಪ್ಪಿಹೋಗುತ್ತದೆ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿರಬೇಕು. ಮಗುವಿನ ದಪ್ಪ ಬಟ್ಟೆಗಳನ್ನು ತೆಗೆದಿರಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೂ, ಅದಕ್ಕಿಂತ ದೊಡ್ಡ ಮಗುವನ್ನು ನಿಲ್ಲಿಸಿಯೂ ಅಳೆಯಬೇಕು. ಅಳುತ್ತ ಕೊಸರಾಡುವ ಕೂಸಿನ ಕಾಲನ್ನು ನೇರಗೊಳಿಸುವುದು ಬೆರಳಿನಿಂದ ಪರದೆಯನ್ನು ಒತ್ತುವಷ್ಟು ಸುಲಭವಲ್ಲ! ತರಬೇತಿಯು ಫೋನಿಗಿಂತ ಮೊದಲು ಇಲ್ಲಿಂದ ತೊಡಗುವುದು ಉಚಿತವೆಂದು ನನಗೆ ತೋರುತ್ತದೆ.

1967ರಿಂದ 1970ರವರೆಗೆ ನಡೆದ ನೈಜೀರಿಯದ ಅಂತರ್ಯುದ್ಧದಲ್ಲಿ ಹಸಿದ ಮಕ್ಕಳ ವಯಸ್ಸನ್ನು ನಿಖರವಾಗಿ ತಿಳಿಯುವುದೇ ಕಷ್ಟವಾಗಿತ್ತು. ಕ್ವೇಕರ್ ಪಂಥದ ನೆರವಿನ ತಂಡಗಳು ಒಂದು ಗುರುತು ಹಾಕಿದ ಕೋಲನ್ನೂ ತೋಳಿನ ಸುತ್ತಳತೆಯ ಪಟ್ಟಿಯನ್ನೂ ಬಳಸಿದವು. ಮಗುವಿನ ಎತ್ತರಕ್ಕೆ ತಕ್ಕಷ್ಟು ತೋಳು ತುಂಬಿದೆಯೇ ಎಂಬುದನ್ನು ಕೋಲೇ ಹೇಳುತ್ತಿತ್ತು. ವಯಸ್ಸೂ ಬೇಡ, ಗಣಿತವೂ ಬೇಡ. ಅಂಥ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ.

ಅಂಥ ಮಗುವಿಗೆ ಕಾಯಿಲೆಯೂ ಜೊತೆಗೂಡಿದ್ದರೆ ಆಸ್ಪತ್ರೆಯ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರ ಇರಿಸಬೇಕಾಗುತ್ತದೆ, ತಾಯಿಯೂ ಜೊತೆಗಿರಬೇಕು. ತೊಗರಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು, ಮನೆಯಲ್ಲಿ ಉಳಿದ ಮಕ್ಕಳನ್ನು ಬಿಟ್ಟು ಹೊರಡುವುದೆಂತು? ಔರಾದದ ಗಡಿಯ ಊರುಗಳಲ್ಲಿ ಆ ತಾಯಿಯ ಮನೆಮಾತು ಮರಾಠಿಯಿರಬಹುದು, ತೆಲುಗಿರಬಹುದು. ಕಾರ್ಯಕರ್ತೆಯು ಫೋನನ್ನು ಚೀಲದಲ್ಲಿರಿಸಿ, ಹೊಸ್ತಿಲ ಬಳಿ ಕುಳಿತು, ಆ ಮಾತಿನಲ್ಲಿಯೇ ಅವಳನ್ನು ಒಪ್ಪಿಸಬೇಕು.