ಮೀನಿನ ಮರಿ ಮೊಟ್ಟೆಯಿಂದ ಹೊರಗೆ ಬರುವುದು ಹೇಗೆ?



ಕೆರೆ, ಕೃಷಿಹೊಂಡಗಳಲ್ಲಿ ಮೀನು ಸಾಕುವ ಸಂಘಗಳು ನಮ್ಮಲ್ಲಿವೆ. ಮರಿ ಕೊಂಡು ತರುವ ಬದಲು ನಾವೇ ಮರಿ ಮಾಡಿಸಿದರೆ ಖರ್ಚು ಉಳಿಯುತ್ತದೆ ಎಂದು ಸಾಮಾನ್ಯ ಗೆಂಡೆ ಮೀನನ್ನು ಹಾಪಾದಲ್ಲಿ, ಅಂದರೆ ನೀರಲ್ಲಿ ಕಟ್ಟುವ ಬಟ್ಟೆಯ ತೊಟ್ಟಿಯಲ್ಲಿ, ಬಿಡುವವರೂ ಇದ್ದಾರೆ. ಇಂಥ ಕಡೆ ನಾವು ಕೇಳುವ ಮಾತು: "ಸಿಸ್ಟರ್, ನಿನ್ನೆ ಮೊಟ್ಟೆ ಇಟ್ಟಿದೆ, ಇವತ್ತೂ ಒಡೆದಿಲ್ಲ. ಹಾಳಾಯ್ತು ಅಂತ ಚೆಲ್ಲಿಬಿಡೋಣವಾ?"

ಚೆಲ್ಲಬೇಡಿ. ಒಂದು ಕಿಲೋ ತೂಕದ ತಾಯಿ ಗೆಂಡೆ ಸುಮಾರು 1 ಲಕ್ಷ ಮೊಟ್ಟೆ ಇಡುತ್ತದೆ. ಅವಸರಪಟ್ಟು ಚೆಲ್ಲಿದರೆ ಇಡೀ ವರ್ಷದ ಮರಿ ಹೋದಂತೆ. ಮೊಟ್ಟೆಯ ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಕಾಯುವ ಧೈರ್ಯ ಬರುತ್ತದೆ.

ಕೊಕ್ಕಿಲ್ಲದ ಮರಿ

ಕೋಳಿಮರಿ ಕೊಕ್ಕಿನಿಂದ ಕುಕ್ಕಿ ಚಿಪ್ಪು ಒಡೆಯುತ್ತದೆ. ಮೀನಿನ ಮರಿಗೆ ಕೊಕ್ಕು ಎಲ್ಲಿದೆ? ಅದರ ಸುತ್ತ ಇರುವುದು ಪ್ರೋಟೀನಿನಿಂದಾದ ಗಟ್ಟಿ ಪೊರೆ. ಅದನ್ನು ಮರಿ ಒಳಗಿನಿಂದಲೇ ಕರಗಿಸುತ್ತದೆ. ಕರಗಿಸುವ ವಸ್ತುವಿಗೆ ಕಿಣ್ವ ಅಂತ ಹೆಸರು.

ಕಿಣ್ವ ನಮಗೆ ಹೊಸದಲ್ಲ. ಗಟ್ಟಿ ಮಾಂಸ ಬೇಯದಿದ್ದರೆ ಎರಡು ಚೂರು ಪಪ್ಪಾಯಿ ಕಾಯಿ ಹಾಕುತ್ತೇವಲ್ಲವೇ? ಕಾಯಿಯ ಹಾಲಿನಲ್ಲಿರುವ ಕಿಣ್ವ ಮಾಂಸದ ಪ್ರೋಟೀನನ್ನು ಬಿಡಿಸುತ್ತದೆ, ಮಾಂಸ ಮೆತ್ತಗಾಗುತ್ತದೆ. ಮೀನಿನ ಮರಿಯ ಕಿಣ್ವವೂ ಪ್ರೋಟೀನನ್ನೇ ಬಿಡಿಸುವಂಥದ್ದು.

ಪೊರೆ ಕರಗುವ ಬಗೆ

ಮರಿ ಬೆಳೆಯುತ್ತಿರುವಾಗಲೇ ಅದರ ಮೈಯಲ್ಲಿ ಸಣ್ಣ ಗ್ರಂಥಿಗಳು ಮೂಡುತ್ತವೆ. ಇವುಗಳಲ್ಲಿ ಕಿಣ್ವ ತುಂಬಿರುತ್ತದೆ. ಮರಿ ಬಲಿತಾಗ ಗ್ರಂಥಿಗಳು ಒಮ್ಮೆಗೇ ಕಿಣ್ವವನ್ನು ಹೊರಬಿಡುತ್ತವೆ.

ಜಪಾನಿನ ಭತ್ತದ ಗದ್ದೆಗಳಲ್ಲಿರುವ ಮೆಡಾಕಾ ಎಂಬ ಪುಟ್ಟ ಸಿಹಿನೀರಿನ ಮೀನಿನಲ್ಲಿ ವಿಜ್ಞಾನಿಗಳು ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಅದರಲ್ಲಿ ಎರಡು ಕಿಣ್ವಗಳಿವೆ. ಮೊದಲನೆಯದು ಪೊರೆಯ ದಪ್ಪನೆಯ ಒಳಪದರವನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಎರಡನೆಯದು ಆ ಸಡಿಲಾದ ಪದರವನ್ನು ಕರಗಿಸುತ್ತದೆ. ಒಂದೇ ಇದ್ದರೆ ಕೆಲಸ ಪೂರ್ತಿಯಾಗುವುದಿಲ್ಲ. ಕೊನೆಗೆ ಉಳಿಯುವ ತೆಳುವಾದ ಹೊರಪದರವನ್ನು ಮರಿ ಬಾಲ ಬಡಿದು ಹರಿದು ಹೊರಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಆ ಗ್ರಂಥಿಗಳು ತಾವಾಗಿಯೇ ಅಳಿದುಹೋಗುತ್ತವೆ.

ನಮ್ಮ ಗೆಂಡೆಯಲ್ಲೂ ಮರಿ ಹೊರಬರುವುದು ಇಂಥ ಕಿಣ್ವದಿಂದಲೇ. ಆದ್ದರಿಂದ ಮೊಟ್ಟೆಯನ್ನು ಕೈಯಿಂದ ಹಿಚುಕಿ ಒಡೆಯುವುದು, ಕಡ್ಡಿಯಿಂದ ಕದಡುವುದು ಬೇಡ. ನಮ್ಮ ಕೆಲಸ ಕಿಣ್ವಕ್ಕೆ ತಕ್ಕ ನೀರು ಒದಗಿಸುವುದು ಮಾತ್ರ.

ಯಾವ ನೀರು ಬೇಕು?

1. ಬೆಚ್ಚಗಿನ ನೀರು: 26ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯ ಗೆಂಡೆಯ ಮೊಟ್ಟೆ 2-3 ದಿನದಲ್ಲಿ ಒಡೆಯುತ್ತದೆ. ನೀರು ತಣ್ಣಗಿದ್ದರೆ ಇನ್ನೂ ತಡ. ಕಾಟ್ಲಾ, ರೋಹುಗಳ ಮೊಟ್ಟೆಗೆ 14ರಿಂದ 18 ಗಂಟೆ ಸಾಕು. ಅದನ್ನು ನೋಡಿ ಗೆಂಡೆಯ ಲೆಕ್ಕ ಹಾಕಬೇಡಿ.

2. ಹುಳಿ ಇಲ್ಲದ ನೀರು: ಮಲೆನಾಡಿನ ಕೆಂಪು ಮಣ್ಣಿನ ನೀರು ಹಲವು ಕಡೆ ಹುಳಿ ಗುಣದ್ದು. ಹುಳಿ ನೀರಿನಲ್ಲಿ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಮರಿ ಬೆಳೆದಿದ್ದರೂ ಹೊರಬರಲಾರದೆ ಒಳಗೇ ಸಾಯಬಹುದು. ಪಿಎಚ್ ಕಾಗದ ಅದ್ದಿ ನೋಡಿ, 7ರಿಂದ 8.5 ಇರಲಿ. ಕಡಿಮೆ ಇದ್ದರೆ ಮೀನು ಬಿಡುವ ಮುಂಚೆಯೇ ಹೊಂಡಕ್ಕೆ ಸುಣ್ಣ ಹಾಕಿ. ಮೊಟ್ಟೆ ಇಟ್ಟ ಮೇಲೆ ಹಾಕಬಾರದು.

3. ತಾಮ್ರ ಸೇರದ ನೀರು: ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವ ಮೈಲುತುತ್ತ ತಾಮ್ರದ್ದೇ. ತೋಟದ ನೀರು ಹರಿದು ಹೊಂಡಕ್ಕೆ ಬಂದರೆ ಮೊಟ್ಟೆಗೂ ಮರಿಗೂ ವಿಷ. ಹೊಂಡದ ಸುತ್ತ ಬದು ಕಟ್ಟಿ ಆ ನೀರನ್ನು ಬೇರೆ ಕಡೆ ತಿರುಗಿಸಿ. ತಾಮ್ರದ ಹಂಡೆಯಲ್ಲಿ ಮೊಟ್ಟೆ ಇಡಬೇಡಿ.

4. ಗಾಳಿಯಾಡುವ ನೀರು: ಪೊರೆಯೊಳಗಿನ ಮರಿಯೂ ಉಸಿರಾಡುತ್ತದೆ. ಮೊಟ್ಟೆ ಅಂಟಿದ ಜಲಸಸ್ಯವನ್ನು ಒಂದರ ಮೇಲೊಂದು ಒಟ್ಟಬೇಡಿ, ಬಿಡಿಬಿಡಿಯಾಗಿ ಹರಡಿ. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರು ಸುರಿಯಬೇಡಿ.

ಬದುಕಿದ್ದು ಯಾವುದು, ಸತ್ತದ್ದು ಯಾವುದು?

ಬದುಕಿದ ಮೊಟ್ಟೆ ಗಾಜಿನಂತೆ ತಿಳಿಯಾಗಿರುತ್ತದೆ. ಎರಡನೆಯ ದಿನ ಒಳಗೆ ಎರಡು ಕಪ್ಪು ಚುಕ್ಕೆ ಕಂಡರೆ ಅವು ಮರಿಯ ಕಣ್ಣು. ಮರಿ ಮಿಸುಕುವುದೂ ಕಾಣುತ್ತದೆ. ಹಾಲಿನಂತೆ ಬಿಳುಪಾಗಿ, ಮೇಲೆ ಹತ್ತಿಯಂಥ ಬೂಸ್ಟು ಬಂದದ್ದು ಸತ್ತ ಮೊಟ್ಟೆ. ಬೂಸ್ಟು ಪಕ್ಕದ ಮೊಟ್ಟೆಗೂ ಹರಡುವುದರಿಂದ ಅಂಥವನ್ನು ಮೆಲ್ಲಗೆ ತೆಗೆಯಿರಿ. ಹೊರಬಂದ ಮರಿಗಳಿಗೆ ಮೊದಲ 2-3 ದಿನ ಹೊಟ್ಟೆಯ ಭಂಡಾರವೇ ಆಹಾರ, ಬೇರೇನೂ ಹಾಕಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಹೊಂಡಕ್ಕೆ ಯಾರ ತೋಟದ ನೀರು ಹರಿದು ಬರುತ್ತದೆ? ಔಷಧಿ ಹೊಡೆಯುವ ಮುಂಚೆ ನಮಗೆ ತಿಳಿಸಿ ಎಂದು ಅವರಿಗೆ ಯಾರು ಹೇಳುತ್ತೀರಿ?
2. ಪಿಎಚ್ ಕಾಗದ ತಂದು ನೀರು ನೋಡುವ ಜವಾಬ್ದಾರಿ ಯಾರದು?
3. ಮೊಟ್ಟೆ ಇಟ್ಟ ದಿನ, ಗಂಟೆಯನ್ನು ಸಂಘದ ಪುಸ್ತಕದಲ್ಲಿ ಬರೆದಿದ್ದೇವೆಯೇ? ಬರೆದಿಟ್ಟರೆ ಎಷ್ಟು ಹೊತ್ತು ಕಾಯಬೇಕು ಎಂದು ನಾವೇ ಲೆಕ್ಕ ಹಾಕಬಹುದು.